ಮೂರನೆಯ ಕೂಗು

"ಗುರುಗಳೇ, ಕರೆಯುತ್ತಿರುವವರು ನಮ್ಮವರೋ ಅಲ್ಲವೋ ಎಂದು ಗೊತ್ತಾಗಲು ಎಷ್ಟು ಸಲ ಕಾಯಬೇಕು?" ಎಂದು ಶಿಷ್ಯ ಕೇಳಿದ.

ಹೊತ್ತು ಆಗತಾನೇ ಮುಳುಗಿತ್ತು. ಮಠದ ಹಿಂದಿನ ಹುಣಸೆಮರದಲ್ಲಿ ಗೂಬೆಯೊಂದು ಕೂಗಿ ಸುಮ್ಮನಾಗಿತ್ತು. ಆ ಕೂಗಿನಲ್ಲಿ ಶಿಷ್ಯನಿಗೆ ತನ್ನ ಹೆಸರು ಕೇಳಿಸಿತ್ತು. ಎದ್ದು ನೋಡಲು ಅಂಜಿಕೆ, ಕೂತಿರಲು ತಳಮಳ. ಹಾಗಾಗಿ ಗುರುಗಳ ಹತ್ತಿರ ಬಂದಿದ್ದ.

ಗುರುಗಳು ನಕ್ಕರು. "ಆ ಗೂಬೆಗೆ ನಿನ್ನ ಹೆಸರು ಹೇಳಿಕೊಟ್ಟವರು ಯಾರಪ್ಪ? ನಾನಂತೂ ಹೇಳಿಕೊಟ್ಟಿಲ್ಲ" ಎಂದರು.

ಶಿಷ್ಯ ನಗಲಿಲ್ಲ. ಅವನ ಮುಖ ನೋಡಿ ಗುರುಗಳು ಪಕ್ಕದ ಚಾಪೆಯನ್ನು ತೋರಿಸಿದರು. ಅವನು ಕುಳಿತುಕೊಂಡ. ಗುರುಗಳು ಈ ಕತೆ ಹೇಳಿದರು.

ಒಂದು ಊರು. ಬೆನ್ನಿಗೆ ಕಲ್ಲುಗುಡ್ಡ, ಎದುರಿಗೆ ಜೋಳದ ಹೊಲ. ಆ ಊರಿನಲ್ಲಿ ಒಂದು ನೇಮವಿತ್ತು. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರೇ ಕರೆದರೂ ಮೊದಲ ಕೂಗಿಗೆ ಓಗೊಡಬಾರದು. ಎರಡನೆಯ ಕೂಗಿಗೂ ಓಗೊಡಬಾರದು. ಮೂರನೆಯ ಸಲ ಕರೆದರೆ ಮಾತ್ರ ಓ ಎಂದು ಬಾಗಿಲು ತೆಗೆಯಬೇಕು. ಗೂಬೆ ಮನುಷ್ಯರ ಹೆಸರು ಕಲಿತುಕೊಳ್ಳುತ್ತದೆ, ಬೇಕಾದವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟವರು ಅದರ ಹಿಂದೆ ಹೊರಟುಹೋಗುತ್ತಾರೆ, ಆದರೆ ಎರಡಕ್ಕಿಂತ ಹೆಚ್ಚು ಸಲ ಕರೆಯಲು ಅದಕ್ಕೆ ಅಪ್ಪಣೆಯಿಲ್ಲ ಎಂದು ಅವರು ನಂಬಿದ್ದರು. ಅಪ್ಪಣೆ ಕೊಟ್ಟವರು ಯಾರು ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಊರಿನವರಿಗೆ ಇದು ರೂಢಿಯಾಗಿತ್ತು. ಕಷ್ಟವೆಲ್ಲ ಪರಸ್ಥಳದವರಿಗೆ. ಹೊಸ ಅಳಿಯನೊಬ್ಬ ಜರಿ ರುಮಾಲು ಸುತ್ತಿಕೊಂಡು ಮಾವನ ಮನೆಗೆ ಬರುತ್ತಾನೆ. ಬಾಗಿಲಲ್ಲಿ ನಿಂತು ಮಾವ ಎನ್ನುತ್ತಾನೆ. ಒಳಗೆ ಎಲ್ಲರೂ ಉಣ್ಣುತ್ತಿದ್ದಾರೆ. ಬಾಯಿಗೆ ಹೋಗುತ್ತಿದ್ದ ತುತ್ತು ಹಾಗೇ ನಿಲ್ಲುತ್ತದೆ. ಇನ್ನೊಮ್ಮೆ ಮಾವ ಎನ್ನುತ್ತಾನೆ. ಒಳಗೆ ಪಿಟ್ಟೆನ್ನುವವರಿಲ್ಲ. ಅವನಿಗೆ ಮೈಯೆಲ್ಲ ಉರಿಯುತ್ತದೆ, ಗುಡಿಯ ಕಟ್ಟೆಗೆ ಹೋಗಿ ಮುಖ ಊದಿಸಿಕೊಂಡು ಮಲಗುತ್ತಾನೆ. ಒಳಗಿನವರು, ಸದ್ಯ ಗೂಬೆ ಹೋಯಿತು ಎಂದು ತುತ್ತು ನುಂಗುತ್ತಾರೆ. ಇಂಥದು ಎಷ್ಟೋ ನಡೆದಿತ್ತು. ಅಷ್ಟಾದರೂ ಅವರು ನೇಮವನ್ನು ಬಿಡಲಿಲ್ಲ, ಅಳಿಯಂದಿರನ್ನೇ ತಿದ್ದಿದರು.

ಆ ಊರಲ್ಲಿ ಒಬ್ಬ ರೈತನಿದ್ದ. ಅವನಿಗೆ ಹೆಂಡತಿ, ಒಬ್ಬಳು ಮಗಳು. ಒಂದು ಸಂಜೆ ಹೆಂಡತಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬೇಲಿಯಾಚೆ ಯಾರೋ ಕರೆದಂತಾಯಿತು. ಕೈಯಲ್ಲಿ ಕೆಲಸ, ಮನಸ್ಸೆಲ್ಲೋ. ಯೋಚನೆ ಮಾಡುವ ಮೊದಲೇ ಓ, ಬಂದೆ ಎಂದುಬಿಟ್ಟಳು. ಬೇಲಿಯ ಹತ್ತಿರ ಹೋಗಿ ನೋಡಿದರೆ ಯಾರೂ ಇರಲಿಲ್ಲ. ಒಳಗೆ ಬಂದವಳಿಗೆ ಜ್ವರ ಬಂತು. ಬೆಳೆ ಕೊಯ್ಲಿಗೆ ಬರುವಷ್ಟರಲ್ಲಿ ತೀರಿಕೊಂಡಳು.

ಆ ವರ್ಷ ಊರ ಬಾವಿಯ ನೀರು ಕೆಟ್ಟಿತ್ತು. ಜ್ವರ ಬಂದವಳು ಅವಳೊಬ್ಬಳೇ ಅಲ್ಲ. ಅದನ್ನೆಲ್ಲ ಯಾರೂ ವಿಚಾರಿಸಲಿಲ್ಲ. ಬೇರೆ ಊರಲ್ಲಿ ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಾದರೆ ಅವರ ಮೇಲೆ ಗೂಬೆ ಕೂರಿಸುತ್ತಾರೆ. ಈ ಊರಲ್ಲಿ ಅಷ್ಟು ಶ್ರಮವೂ ಇರಲಿಲ್ಲ, ಗೂಬೆಯೇ ಮರದ ಮೇಲೆ ಕೂತಿತ್ತು.

ರೈತ ಮಗಳನ್ನು ಎದೆಗವಚಿಕೊಂಡು ಬೆಳೆಸಿದ. ಅವಳ ಹೆಸರು ಕೆಂಚವ್ವ. ನಡೆಯಲು ಕಲಿಸುವಾಗಲೇ ಎಣಿಸಲೂ ಕಲಿಸಿದ. ಮೂರರ ತನಕ ಬಂದರೆ ಸಾಕಾಗಿತ್ತು. ಸಂಜೆ ಹೊಲದಿಂದ ಬಂದವನು ಅಂಗಳದಲ್ಲಿ ನಿಂತು ಅವಳನ್ನು ಪರೀಕ್ಷೆ ಮಾಡುತ್ತಿದ್ದ. ಕೆಂಚೀ ಎನ್ನುತ್ತಿದ್ದ, ಒಳಗೆ ಮೌನ. ಮತ್ತೆ ಕೆಂಚೀ ಎನ್ನುತ್ತಿದ್ದ, ಮತ್ತೆ ಮೌನ. ಮೂರನೆಯ ಸಲಕ್ಕೆ ಬಾಗಿಲು ದಢಾರನೆ ತೆರೆದು ಮಗಳು ಕಾಲಿಗೆ ತೊಡರಿಕೊಳ್ಳುತ್ತಿದ್ದಳು. ಅವನಿಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಒಂದು ದಿನ ಅವಳು ಕೇಳಿದಳು. "ಯಪ್ಪಾ, ನೀನು ಅಂತ ಗೊತ್ತಾದ್ರೂ ನಾ ಕಾಯಬೇಕೇನು?"

"ಗೊತ್ತಾದ್ರೂ ಕಾಯಬೇಕವ್ವ. ನಿಮ್ಮವ್ವಗೂ ಗೊತ್ತಾಗಿತ್ತು" ಎಂದ.

ಅವಳು ಬೆಳೆದಳು. ಅಪ್ಪ ಗೂಬೆಗೆ ಎಷ್ಟು ಅಂಜುತ್ತಿದ್ದನೋ ಅವಳಿಗೆ ಗೂಬೆಯ ಮೇಲೆ ಅಷ್ಟೇ ಕುತೂಹಲ. ಅವರ ಮನೆಯ ಜಂತಿಯ ಸಂದಿನಲ್ಲಿ ಒಂದು ಬಿಳಿ ಮುಖದ ಗೂಬೆ ಬಂದು ಕೂರುತ್ತಿತ್ತು. ಅದು ಹಾರಿದರೆ ಸದ್ದೇ ಆಗುತ್ತಿರಲಿಲ್ಲ. ಅಲ್ಲಿತ್ತು, ಇಲ್ಲಿದೆ, ನಡುವೆ ಏನೂ ಆಗಿಲ್ಲ, ಕನಸಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದ ಹಾಗೆ. ಅದು ಕೂತ ಜಾಗದ ಕೆಳಗೆ ಕೂದಲಿನ ಉಂಡೆಗಳು ಬಿದ್ದಿರುತ್ತಿದ್ದವು. ಕೆಂಚವ್ವ ಅವನ್ನು ಒಡೆದು ನೋಡಿದಳು. ಒಳಗೆ ಸಣ್ಣ ಸಣ್ಣ ಎಲುಬು, ಸಾಸಿವೆಯಷ್ಟು ಹಲ್ಲು. ಅಂಗೈ ಮೇಲೆ ಇಟ್ಟುಕೊಂಡು ಅಪ್ಪನಿಗೆ ತೋರಿಸಿದಳು. ಆ ಕಡೆ ಗೂಬೆಗೆ ಗೂಗಿ ಎನ್ನುತ್ತಾರೆ.

"ಗೂಗಿ ಇಲಿ ತಿಂತೈತಿ, ಯಪ್ಪಾ. ಮಂದೀನ್ನಲ್ಲ" ಎಂದಳು.

ಅಪ್ಪ ಅವಳ ಕೈಯನ್ನು ಮೂರು ಸಲ ತೊಳೆಸಿದ. ಜಂತಿಯ ಸಂದಿಗೆ ಮಣ್ಣು ಮೆತ್ತಿದ. ಆ ವರ್ಷ ಕಣಜದ ಜೋಳವನ್ನು ಇಲಿಗಳು ತಿಂದವು. ಅದಕ್ಕೂ ಗೂಬೆಯ ಶಾಪವೇ ಕಾರಣ ಎಂದು ತಿಳಿದುಕೊಂಡ. ಮಗಳು ಒಳಗೊಳಗೇ ನಕ್ಕಳು, ಅಪ್ಪನ ಎದುರು ಬಾಯಿ ಬಿಡಲಿಲ್ಲ.

ಒಂದು ನಸುಕಿನಲ್ಲಿ ಬುಡಬುಡಿಕೆಯವನೊಬ್ಬ ಊರಿಗೆ ಬಂದ. ತೇಪೆ ಹಾಕಿದ ಅಂಗಿ, ಕೈಯಲ್ಲಿ ಪುಟ್ಟ ಬುಡಬುಡಿಕೆ. ಹಾಲಕ್ಕಿ ನುಡಿದದ್ದನ್ನು ತಿಳಿದು ಬಂದಿದ್ದೇನೆ ಎಂದು ಮನೆಮನೆಗೆ ಶುಭ ಹೇಳಿದ. ಹಾಲಕ್ಕಿ ಎಂದರೆ ಬೇರೆ ಏನೂ ಅಲ್ಲ, ಅದೂ ಒಂದು ಪುಟ್ಟ ಗೂಬೆಯೇ. ದೊಡ್ಡ ಗೂಬೆ ಕೂಗಿದರೆ ಸಾವು, ಚಿಕ್ಕ ಗೂಬೆ ಕೂಗಿದರೆ ಭಾಗ್ಯ. ಜನರ ನ್ಯಾಯವೇ ಹೀಗೆ, ಹಕ್ಕಿಗಳಿಗೆ ಇದು ಗೊತ್ತಿಲ್ಲ.

ಕೆಂಚವ್ವ ಮೊರದಲ್ಲಿ ಜೋಳ ತಂದು ಅವನ ಜೋಳಿಗೆಗೆ ಹಾಕಿದಳು. ಆ ಹಕ್ಕಿ ನಿಜವಾಗಿ ಮಾತಾಡುತ್ತದೆಯೇ ಎಂದು ಕೇಳಿದಳು. ಅವನು ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ.

"ಹಕ್ಕಿ ತನ್ನ ಜೋಡಿ ಕೂಡ ಮಾತಾಡತೈತಿ. ನಾ ಹೊಟ್ಟಿ ಸಲುವಾಗಿ ಮಾತಾಡತೀನಿ" ಎಂದ.

ತನ್ನ ಊರಿನಲ್ಲಿ ಗೂಬೆಯ ವಿಷಯದಲ್ಲಿ ಸುಳ್ಳು ಹೇಳದವನೊಬ್ಬನನ್ನು ಅವಳು ಅಂದೇ ಮೊದಲು ಕಂಡದ್ದು. ಅವನು ಮುಂದಿನ ಸುಗ್ಗಿಗೂ ಬಂದ. ಅದರ ಮುಂದಿನ ಸುಗ್ಗಿಗೆ ಅವಳು ಅವನ ಜೊತೆ ಹೊರಟು ನಿಂತಳು. ಕದ್ದು ಹೋಗಲಿಲ್ಲ, ಅಪ್ಪನ ಎದುರು ನಿಂತು ಹೇಳಿದಳು.

ರೈತ ಬಾಗಿಲ ಕಡೆ ಕೈ ತೋರಿಸಿದ. "ನಿಮ್ಮವ್ವನ್ನ ಗೂಗಿ ಕರಕೊಂಡು ಹೋತು. ನೀನೂ ಅದರ ಬೆನ್ನ ಹತ್ತಿದಿ. ಹೋಗು. ಮತ್ತ ಈ ಬಾಗಿಲಿಗೆ ಬರಬ್ಯಾಡ."

ಅವಳು ಹೊಸ್ತಿಲಿಗೆ ಕೈಮುಗಿದು ಹೋದಳು.

ಆಮೇಲೆ ಸುಗ್ಗಿಗಳು ಬಂದವು, ಹೋದವು. ರೈತ ಬಿತ್ತಿದ, ಕೊಯ್ದ, ಒಬ್ಬನೇ ರೊಟ್ಟಿ ಸುಟ್ಟುಕೊಂಡು ತಿಂದ. ಮಗಳ ಹೆಸರನ್ನು ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದ. ಆದರೆ ದೀಪ ಹಚ್ಚಿದ ಮೇಲೆ ಬಾಗಿಲ ಹಿಂದೆಯೇ ಕೂರುತ್ತಿದ್ದ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದ. ಬಾಗಿಲು ಹಾಕಿತ್ತು, ಗಾಳಿ ಎಲ್ಲಿಂದ ಬರಬೇಕು?

ಒಂದು ಮುಸ್ಸಂಜೆ, ದೀಪದ ಕುಡಿಯನ್ನು ಸರಿಮಾಡುತ್ತಿದ್ದಾಗ ಹೊರಗಿನಿಂದ ಕೂಗು ಬಂತು.

"ಯಪ್ಪಾ."

ಅವನಿಗೆ ಗೊತ್ತಾಯಿತು. ಮಗಳ ದನಿ ಯಾರಿಗಾದರೂ ಗೊತ್ತಾಗದೇ ಇರುತ್ತದೆಯೇ? ಎದ್ದ. ಅವನ ಕೈ ಅಗುಳಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಯಪ್ಪಾ."

ಇದು ಎರಡನೆಯದು. ಹೆಂಡತಿಯ ಜ್ವರದ ಮುಖ ಕಣ್ಣ ಮುಂದೆ ಬಂತು. ಗೂಬೆ ಈ ದನಿಯನ್ನೂ ಕಲಿತಿರಬಹುದಲ್ಲ ಎಂದುಕೊಂಡ. ಮಗಳೇ ಆಗಿದ್ದರೆ ಮೂರನೆಯ ಸಲ ಕರೆಯುತ್ತಾಳೆ, ಕಲಿಸಿದವನು ನಾನೇ ಎಂದುಕೊಂಡ. ಇಷ್ಟು ಅಂಜಿಕೆಯ ಮಾತು. ಅದರ ಅಡಿಯಲ್ಲಿ ಇನ್ನೊಂದು ಮಾತಿತ್ತು. ಬಿಟ್ಟು ಹೋದವಳು, ಇನ್ನೊಂದು ಸಲ ಕರೆಯಲಿ, ಅವಳ ಗಂಟೇನು ಹೋಗುತ್ತದೆ ಎಂದು. ತಮ್ಮಾ, ಅಂಜಿಕೆ ಮತ್ತು ಬಿಗುಮಾನ ಒಂದೇ ಕಂಬಳಿಯಲ್ಲಿ ಮಲಗಿದ್ದರೆ ಯಾವ ಕಾಲು ಯಾರದೆಂದು ಹೇಳುವುದು ಕಷ್ಟ. ಅವನು ಅಗುಳಿ ಹಿಡಿದುಕೊಂಡು ಕಾದ.

ಮೂರನೆಯ ಕೂಗು ಬರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮನೆಯ ಹಿಂದಿನ ಮರದ ಕಡೆಯಿಂದ ಗೂಬೆ ಕೂಗಿತು. ಅವನು ಉಸಿರು ಬಿಟ್ಟ. ಗೂಬೆಯೇ, ನಾನು ಬಚಾವಾದೆ ಎಂದುಕೊಂಡ. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು. ಅದನ್ನು ನೆನೆದಾಗಲೆಲ್ಲ ನನಗೆ ಅವನ ಮೇಲೆ ಮರುಕ ಬರುತ್ತದೆ.

ಬೆಳಗ್ಗೆ ಬಾಗಿಲು ತೆರೆದ. ಹಿಂದಿನ ಸಂಜೆ ಅವನೇ ಅಂಗಳಕ್ಕೆ ನೀರು ಚಿಮುಕಿಸಿದ್ದ. ಹಸಿ ಮಣ್ಣಿನಲ್ಲಿ ಹೆಜ್ಜೆಗಳು ಮೂಡಿದ್ದವು. ಒಂದು ಹೆಂಗಸಿನ ಹೆಜ್ಜೆ. ಅದರ ಪಕ್ಕದಲ್ಲಿ ಇನ್ನೊಂದು, ಆಗತಾನೇ ನಡೆಯಲು ಕಲಿತ ಮಗುವಿನದು. ದೊಡ್ಡ ಹೆಜ್ಜೆ ಬಾಗಿಲ ತನಕ ಬಂದು ಅಲುಗಾಡದೆ ನಿಂತಿತ್ತು. ಚಿಕ್ಕ ಹೆಜ್ಜೆ ಅದರ ಸುತ್ತ ತಿರುತಿರುಗಿ ಆಡಿತ್ತು. ಆಮೇಲೆ ಎರಡೂ ಹಿಂದಕ್ಕೆ ಹೋಗಿದ್ದವು.

ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ಆ ಊರವರು ಹೇಳುತ್ತಾರೆ. ಇವು ನೆಟ್ಟಗಿದ್ದವು. ಗೂಬೆಗೆ ಹಿಮ್ಮಡಿ ಇರುವುದಿಲ್ಲ. ಇವಕ್ಕೆ ಇತ್ತು. ರೈತ ಮಂಡಿಯೂರಿ ಕುಳಿತು ಆ ಚಿಕ್ಕ ಹೆಜ್ಜೆಯ ಮೇಲೆ ಅಂಗೈ ಇಟ್ಟ. ಅಂಗೈ ಅದನ್ನು ಪೂರ್ತಿ ಮುಚ್ಚಿತು. ಅವನು ಗಂಡಸು ಅಳಬಾರದು ಎಂಬುದನ್ನೆಲ್ಲ ಮರೆತು ಅತ್ತ.

ಆಮೇಲೆ ಓಡಿದ. ಹೆಜ್ಜೆಗಳು ಊರ ಹೊರಗಿನ ಬಯಲಿಗೆ ಹೋಗಿದ್ದವು. ಬುಡಬುಡಿಕೆಯವರು ಅಲ್ಲಿ ಗುಡಾರ ಹಾಕಿದ್ದರು. ಈಗ ಗುಡಾರ ಇರಲಿಲ್ಲ, ಗೂಟ ಕಿತ್ತ ಕುಳಿಗಳಿದ್ದವು. ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಯಾವ ದಿಕ್ಕಿಗೆ ಹೋದರು ಎಂದು ದನ ಕಾಯುವವರನ್ನು ಕೇಳಿದ. ಒಬ್ಬ ಮೂಡಣಕ್ಕೆ ಎಂದ. ಇನ್ನೊಬ್ಬ ತೆಂಕಣಕ್ಕೆ ಎಂದ.

ಅವನಿಗೆ ಬಂದ ದುಃಖವೆಲ್ಲ ಸಿಟ್ಟಾಯಿತು. ಸಿಟ್ಟಿಗೆ ಒಂದು ತಲೆ ಬೇಕಿತ್ತು. ಹಳೆಯ ತಲೆಯೇ ಸಿಕ್ಕಿತು. ಗೂಬೆ ಇಲ್ಲದಿದ್ದರೆ ನೇಮ ಇರುತ್ತಿರಲಿಲ್ಲ, ನೇಮ ಇಲ್ಲದಿದ್ದರೆ ಬಾಗಿಲು ತೆರೆಯುತ್ತಿದ್ದೆ ಎಂದು ಲೆಕ್ಕ ಹಾಕಿದ. ಸಂಜೆ ಒಣಹುಲ್ಲಿನ ಹೊರೆ, ಒಂದು ಮಡಕೆ ಕೆಂಡ ಹೊತ್ತುಕೊಂಡು ಆ ಮರದ ಬುಡಕ್ಕೆ ಹೋದ. ಹಳೆಯ ಬೇವಿನ ಮರ. ಕಾಂಡದಲ್ಲಿ ಒಂದು ಪೊಟರೆ. ಹೊಗೆ ಹಾಕಿ ಗೂಬೆಯ ವಂಶವನ್ನೇ ಮುಗಿಸುವುದು ಅವನ ಎಣಿಕೆ.

ಹುಲ್ಲನ್ನು ಜೋಡಿಸಿದ. ಕೆಂಡವನ್ನು ಊದುತ್ತಿದ್ದ. ಅಷ್ಟರಲ್ಲಿ ತಾಯಿ ಗೂಬೆ ಬಂತು. ಸದ್ದಿಲ್ಲದೆ ಬಂದು ಎದುರಿನ ಕೊಂಬೆಯ ಮೇಲೆ ಕೂತಿತು. ಕೊಕ್ಕಿನಲ್ಲಿ ಇಲಿ ಇತ್ತು. ಅದು ಗಂಟಲಿನಲ್ಲೇ ಒಂದು ಸಣ್ಣ ದನಿ ಮಾಡಿತು. ಅದನ್ನು ಕೂಗು ಎನ್ನಲೂ ಆಗದು, ತಾಯಂದಿರು ತೊಟ್ಟಿಲ ಮೇಲೆ ಬಗ್ಗಿದಾಗ ಮಾಡುವಂಥ ದನಿ. ಆ ದನಿ ಮುಗಿಯುವ ಮೊದಲೇ ಪೊಟರೆಯೊಳಗಿಂದ ಮರಿಗಳು ಓಗೊಟ್ಟವು. ಎಲ್ಲವೂ ಒಟ್ಟಿಗೆ, ಒಂದರ ಮೇಲೊಂದು ಬಿದ್ದು, ಇಡೀ ಪೊಟರೆಯೇ ಓ ಎಂದ ಹಾಗೆ.

ರೈತ ಕೆಂಡ ಊದುವುದನ್ನು ಮರೆತ. ತಾಯಿ ಹೋಯಿತು, ಮತ್ತೆ ಬಂತು. ಮತ್ತೆ ಆ ದನಿ, ಮತ್ತೆ ಆ ಓಗೊಡುವಿಕೆ. ಒಂದು ಮರಿಯೂ ಕಾಯಲಿಲ್ಲ. ಒಂದು ಮರಿಗೂ ಅನುಮಾನ ಬರಲಿಲ್ಲ. ಅವನು ಬಾಯಿ ತೆರೆದುಕೊಂಡು ಕೂತೇ ಇದ್ದ. ಕೆಂಡ ಬೂದಿಯಾದದ್ದು ಅವನಿಗೆ ತಿಳಿಯಲಿಲ್ಲ. ಯಾವಾಗಲೋ ಎದ್ದು, ಹುಲ್ಲನ್ನು ಯಾರದೋ ದನದ ಮುಂದೆ ಹಾಕಿ ಮನೆಗೆ ಹೋದ.

ಮರುದಿನದಿಂದ ಅವನು ಓಗೊಡತೊಡಗಿದ. ಸಂಜೆ ಗೂಬೆ ಕೂಗಿದರೆ, ಓ ಬಂದೆ ಎಂದು ದೀಪ ಹಿಡಿದು ಹೊರಗೆ ಬರುತ್ತಿದ್ದ. ಕರು ಕೂಗಿದರೂ ಬರುತ್ತಿದ್ದ. ಗಾಳಿಗೆ ಬಾಗಿಲು ಕಿರುಗುಟ್ಟಿದರೂ ಬರುತ್ತಿದ್ದ. ಊರಿನವರಿಗೆ ನಡುಕ ಹುಟ್ಟಿತು. ಇವನು ಅಮಾವಾಸ್ಯೆ ದಾಟುವುದಿಲ್ಲ ಎಂದರು. ಅಮಾವಾಸ್ಯೆ ದಾಟಿತು. ಇನ್ನೊಂದೂ ದಾಟಿತು. ಬುದ್ಧಿ ಕೆಟ್ಟಿದೆ, ಗೂಬೆಗೂ ಇವನು ಬೇಡವಾಗಿದ್ದಾನೆ ಎಂದು ಮಾತಾಡಿಕೊಂಡರು. ತುಂಟರು ಗೋಡೆಯ ಮರೆಯಲ್ಲಿ ಅಡಗಿ ಯಪ್ಪಾ ಎಂದು ಕರೆದು ಓಡುತ್ತಿದ್ದರು. ಅದು ತುಂಟರೆಂದು ಅವನಿಗೆ ಗೊತ್ತಿತ್ತು. ಆದರೂ ಬರುತ್ತಿದ್ದ. ಅಂಗಳದ ಕತ್ತಲಿಗೆ ದೀಪ ಎತ್ತಿ ಹಿಡಿದು, ಅಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ, ಬಾರವ್ವ ಎನ್ನುತ್ತಿದ್ದ. ಸಂಜೆಯೆಂದರೆ ಅವನಿಗೆ ತನ್ನನ್ನು ಯಾರೋ ದೂರದಿಂದ ಕರೆಯುತ್ತಿರುವ ಹೊತ್ತು ಎಂದೇ ಆಗಿಬಿಟ್ಟಿತ್ತು. ಎಚ್ಚರವಿದ್ದಾಗಲೂ ಕನಸಿನಲ್ಲಿ ಓಡಾಡುವವನಂತೆ ಇದ್ದ.

ಮಗಳು ಬರಲಿಲ್ಲ.

ಪೊಟರೆಯ ಮರಿಗಳು ದೊಡ್ಡವಾದವು. ಒಂದು ಸಂಜೆ ಹಾರಿಹೋದವು. ತಾಯಿಯೂ ಬೇರೆ ಕಡೆ ಹೋಯಿತು. ಆ ಸಂಜೆ ಊರಿನಲ್ಲಿ ಯಾವ ಕೂಗೂ ಏಳಲಿಲ್ಲ. ರೈತ ದೀಪ ಹಿಡಿದು ಬಾಗಿಲಲ್ಲಿ ನಿಂತೇ ಇದ್ದ. ಓಗೊಡಲು ಏನೂ ಇರಲಿಲ್ಲ. ಆಗ ಅವನಿಗೆ ತಿಳಿಯಿತು. ಅವಳು ಕರೆಯುವಷ್ಟು ಕರೆದು ಹೋಗಿದ್ದಾಳೆ. ತಾನು ಓಗೊಡಬೇಕಾದದ್ದು ಆ ಕೂಗಿಗೆ. ಅದಕ್ಕೆ ಈ ಬಾಗಿಲಲ್ಲಿ ನಿಂತು ಓ ಎಂದರೆ ಅವಳಿಗೆ ಕೇಳಿಸುವುದಿಲ್ಲ. ಅಂಗಳ ದಾಟಿ ಹೋಗಬೇಕು. ಹೋಗುವುದೆಂದರೆ ತಪ್ಪು ತನ್ನದೆಂದು ಒಪ್ಪುವುದು. ಇಷ್ಟು ದಿನ ಅವನು ದೀಪ ಹಿಡಿದು ಸಿಕ್ಕ ಕೂಗಿಗೆಲ್ಲ ಓಗೊಟ್ಟಿದ್ದ, ಅದೊಂದನ್ನು ಮಾತ್ರ ಮಾಡಿರಲಿಲ್ಲ.

ಅವನು ಬಾಗಿಲಿಗೆ ಬೀಗ ಹಾಕದೆ ಹೊರಟ.

ಬುಡಬುಡಿಕೆಯವರ ಜಾಡು ಹಿಡಿಯುವುದು ಸುಲಭವಲ್ಲ. ಅವನು ಊರೂರು ಅಲೆದ. ಹಗಲು ನಡೆದ, ಸಂಜೆ ಸಿಕ್ಕ ಕಟ್ಟೆಯ ಮೇಲೆ ಮಲಗಿದ. ಎಲ್ಲಾ ಊರಿನಲ್ಲೂ ಗೂಬೆಗಳಿದ್ದವು. ಒಂದು ಊರಿನವರು ಗೂಬೆಯನ್ನು ಲಕ್ಷ್ಮಿಯ ವಾಹನ ಎಂದು ಕೈಮುಗಿದರು. ಇನ್ನೊಂದು ಊರಲ್ಲಿ ಮನೆಯೊಳಗೆ ಗೂಬೆ ಹೊಕ್ಕಿತೆಂದು ಮನೆಮಂದಿಯೆಲ್ಲ ಮನೆ ಬಿಟ್ಟು ಮರದ ಕೆಳಗೆ ಅಡುಗೆ ಮಾಡುತ್ತಿದ್ದರು. ಒಳಗೆ ಗೂಬೆ ತಣ್ಣಗೆ ಮಲಗಿತ್ತು. ಮತ್ತೊಂದು ಊರಿನವರು ಅದು ಕೂಗಿದ ದಿಕ್ಕು ನೋಡಿ ಮಳೆ ಹೇಳುತ್ತಿದ್ದರು. ಎಲ್ಲವೂ ಒಂದೇ ಹಕ್ಕಿ. ಒಂದು ಕಾಲದಲ್ಲಿ ಆಗಿದ್ದರೆ ಅವನು ಅವರೆಲ್ಲರ ಜೊತೆ ವಾದಕ್ಕೆ ನಿಲ್ಲುತ್ತಿದ್ದ. ಈಗ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಈ ಕಡೆ ಬುಡಬುಡಿಕೆಯವರು ಬಂದಿದ್ದರೇ ಎಂದಷ್ಟೇ ಕೇಳುತ್ತಿದ್ದ. ಎಷ್ಟೋ ಸಲ ತಾನು ನಡೆಯುತ್ತಿದ್ದೇನೋ ಯಾವುದೋ ಕಟ್ಟೆಯ ಮೇಲೆ ಮಲಗಿ ನಡೆಯುವ ಕನಸು ಕಾಣುತ್ತಿದ್ದೇನೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕಾಲು ನೋಯುತ್ತಿತ್ತು, ಆದ್ದರಿಂದ ನಡೆಯುತ್ತಿದ್ದೇನೆ ಎಂದುಕೊಳ್ಳುತ್ತಿದ್ದ.

ಕೊನೆಗೆ ಒಂದು ಸಂತೆಯಲ್ಲಿ ತೇಪೆ ಅಂಗಿಯ ಮುದುಕನೊಬ್ಬ ಸಿಕ್ಕ. ಕೆಂಚವ್ವನ ಗಂಡ ಅವನ ತಮ್ಮನ ಮಗ. ಕೆರೆಯ ಏರಿಯ ಕೆಳಗೆ ಗುಡಿಸಲು ಹಾಕಿದ್ದಾರೆ, ಹುಡುಗ ತಿರುಗಾಟಕ್ಕೆ ಹೋಗಿದ್ದಾನೆ, ತಾಯಿಮಗಳು ಅಲ್ಲೇ ಇದ್ದಾರೆ ಎಂದು ಹೇಳಿದ.

ರೈತ ಅಲ್ಲಿಗೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಏರಿಯ ಕೆಳಗೆ ನಾಲ್ಕಾರು ಗುಡಿಸಲು. ಒಂದಕ್ಕೆ ತಡಿಕೆಯ ಬಾಗಿಲು. ಹೆಣೆದ ಕಡ್ಡಿಗಳ ಸಂದಿನಿಂದ ಬೆಳಕು ಸೋರುತ್ತಿತ್ತು. ಒಳಗೆ ಯಾರೋ ರೊಟ್ಟಿ ತಟ್ಟುವ ಸದ್ದು. ಆ ಬಡಿತ ಅವನಿಗೆ ಗೊತ್ತಿತ್ತು, ರೊಟ್ಟಿ ತಟ್ಟಲು ಕಲಿಸಿದವನೂ ಅವನೇ.

"ಕೆಂಚೀ" ಎಂದ.

ರೊಟ್ಟಿಯ ಸದ್ದು ನಿಂತಿತು. ಒಂದು ಪುಟ್ಟ ದನಿ, "ಅವ್ವಾ, ಯಾರೋ ಕರ್ಯಾಕತ್ತಾರ" ಎಂದಿತು. ಅದರ ಬಾಯಿಯನ್ನು ಯಾರೋ ಮುಚ್ಚಿದರು.

ಒಳಗೆ ಏನು ನಡೆಯುತ್ತಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯ ಸಲ ಕರೆದ. ಮೌನ. ಮೂರನೆಯ ಸಲ ಕರೆದ. ಈಗ ಬಾಗಿಲು ತೆರೆಯಬೇಕಾಗಿತ್ತು. ಅವನು ತಡಿಕೆಯನ್ನೇ ನೋಡುತ್ತ ನಿಂತ. ತಡಿಕೆ ಅಲುಗಾಡಲಿಲ್ಲ.

ಹೊರಗೆ ನಿಂತಿರುವುದು ಗೂಬೆಯಲ್ಲ, ಅಪ್ಪ ಎಂದು ಅವಳಿಗೆ ಗೊತ್ತಾಗಿದೆ. ಗೊತ್ತಾಗಿಯೂ ತೆರೆಯುತ್ತಿಲ್ಲ. ಇಷ್ಟು ದೂರ ಬಂದದ್ದು ಇಷ್ಟಕ್ಕೇ ಎಂದುಕೊಂಡ. ಹಿಂದೆ ಆಗಿದ್ದರೆ ಇಲ್ಲಿಂದ ಹೊರಟುಬಿಡುತ್ತಿದ್ದ. ನೇಮದ ಪ್ರಕಾರ ಅವನು ಮಾಡಬೇಕಾದದ್ದೆಲ್ಲ ಮುಗಿದಿತ್ತು.

ಅವನು ಮತ್ತೆ ಕರೆದ.

ಮತ್ತೆ ಕರೆದ. ಅಕ್ಕಪಕ್ಕದ ಗುಡಿಸಲಿನವರು ಹೊರಗೆ ಬಂದು ನೋಡಿದರು. ಅವನಿಗೆ ನಾಚಿಕೆಯಾಗಲಿಲ್ಲ. ದನಿ ಒಡೆಯಿತು, ಒಡೆದ ದನಿಯಲ್ಲೇ ಕರೆದ. ಹೆಸರಿನ ಅಕ್ಷರಗಳು ಸವೆದು ಬರೀ ಉಸಿರಿನ ಸದ್ದಾಯಿತು. ಏರಿಯ ಮೇಲಿನ ಮರದಿಂದ ಒಂದು ಗೂಬೆ ಅದನ್ನು ತನ್ನವರ ಕೂಗೆಂದು ತಿಳಿದು ಓಗೊಟ್ಟಿತು. ಅವನು ಕರೆದ, ಅದು ಓಗೊಟ್ಟಿತು. ಹೀಗೆಯೇ ನಡೆಯಿತು. ಅವನು ಏನನ್ನೂ ಬೇಡುತ್ತಿರಲಿಲ್ಲ. ತಲೆಬಾಗಿ ಬಂದಿದ್ದೇನೆ ಎಂದೂ ಹೇಳುತ್ತಿರಲಿಲ್ಲ. ಮಗಳ ಹೆಸರು ಹಿಡಿದು ಕರೆಯುವುದು ಅವನಿಗೆ ಬೇಕಾಗಿತ್ತು. ಅಷ್ಟು ವರ್ಷ ಬಾಯಿಯೊಳಗೆ ಇಟ್ಟುಕೊಂಡು ಬಂದ ಹೆಸರು ಅದು.

ಆಗ ಒಳಗಿನಿಂದ ಆ ಪುಟ್ಟ ದನಿ ಜೋರಾಗಿ "ಓ" ಎಂದಿತು. ಆ ಮಗುವಿಗೆ ಎಣಿಸಲು ಯಾರೂ ಇನ್ನೂ ಕಲಿಸಿರಲಿಲ್ಲ.

ತಡಿಕೆ ಸರಿಯಿತು. ಕೆಂಚವ್ವ ನಿಂತಿದ್ದಳು. ಕೈಗೆಲ್ಲ ಹಿಟ್ಟು. ಅವಳ ಮುಖ ತೊಯ್ದಿತ್ತು. ಎಷ್ಟು ಹೊತ್ತಿನಿಂದ ಅವಳು ಬಾಗಿಲ ಹಿಂದೆಯೇ ನಿಂತಿದ್ದಳೋ. ಮಗು ಅವಳ ಸೀರೆ ಹಿಡಿದು ಇಣುಕುತ್ತಿತ್ತು.

"ಅವತ್ತ ನಾ ಎರಡ ಸಲ ಕರದೆ, ಯಪ್ಪಾ" ಎಂದಳು. "ಮೂರನೇದು ಬೇಕಂತನ ಕರೀಲಿಲ್ಲ. ಎಣಸಲಾರದ ಬರ್ತೀಯೇನು ಅಂತ ನೋಡಿದೆ."

"ನಾ ಎಣಿಸ್ಕೋತ ನಿಂತೆ, ಯವ್ವಾ" ಎಂದ ರೈತ.

ಅವಳು ಬದಿಗೆ ಸರಿದು ದಾರಿ ಬಿಟ್ಟಳು. ಅವನು ತಲೆ ಬಗ್ಗಿಸಿ ಗುಡಿಸಲಿನೊಳಗೆ ಹೋದ. ಮಗು ಅವನ ಕಾಲಿಗೆ ಒರಗಿ ಕೂತಿತು. ಹೊರಗೆ ಗೂಬೆ ಇನ್ನೂ ಕೂಗುತ್ತಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಕತೆ ಇಷ್ಟವಾಗಿತ್ತು. ಒಂದು ವಿಷಯ ಮಾತ್ರ ಸ್ಪಷ್ಟವಾಗಿರಲಿಲ್ಲ.

"ಗುರುಗಳೇ, ಬಾಗಿಲು ತೆರೆದದ್ದು ಎಷ್ಟನೆಯ ಕೂಗಿಗೆ?" ಎಂದು ಕೇಳಿದ.

"ತಮ್ಮಾ, ನೀನು ಇನ್ನೂ ಎಣಿಸುತ್ತಿದ್ದೀಯಾ?" ಎಂದರು ಗುರುಗಳು.